ಹಗುರ ಅಂದ್ರೆ ಸುಲಭ ಅಲ್ಲ: ಹೆಂಡತಿಗೆ ಪಿಸ್ತೂಲ್ ಆರಿಸೋಕೆ ಹೋಗಿ ನಾನು ಕಲಿತಿದ್ದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ದೊಡ್ಡಬಳ್ಳಾಪುರದಿಂದ ಮಾತಾಡ್ತಿದ್ದೀನಿ. ಕೇಳುಗರೊಬ್ಬರು ಕೇಳಿದ್ದಾರೆ: “ಹೆಂಡತೀನ ಶೂಟಿಂಗ್ ರೇಂಜ್‌ಗೆ ಕರ್ಕೊಂಡು ಹೋಗ್ಬೇಕು ಅಂತಿದ್ದೀನಿ ಸರ್, ಅವರ ಕೈಗೆ ಸುಲಭವಾಗೋ ಪಿಸ್ತೂಲ್ ಯಾವುದು?” ಇದಕ್ಕೆ ಉತ್ತರ ಹೇಳೋ ಮೊದಲು ನಾನು ಮಾಡಿದ ತಪ್ಪನ್ನ ಹೇಳ್ತೀನಿ. ಉತ್ತರ ಅದರಲ್ಲೇ ಇದೆ.

ನಮ್ಮಪ್ಪನ ಕಾಲದಿಂದ ಮನೇಲಿ ಒಂದು ಜೋಡಿ ನಳಿಗೆ ಬಂದೂಕ ಇದೆ. ಹೊಲಕ್ಕೆ ಹಂದಿ ಬರ್ತಿದ್ದ ಕಾಲದಲ್ಲಿ ಬೆಳೆ ಕಾಯೋಕೆ ಅಂತ ಲೈಸೆನ್ಸ್ ಮಾಡಿಸಿದ್ದು, ಆಮೇಲೆ ನನ್ನ ಹೆಸರಿಗೆ ಬಂತು. ಚುನಾವಣೆ ಬಂದಾಗ ಸ್ಟೇಷನ್‌ಗೆ ಕೊಟ್ಟು ರಸೀದಿ ತಗೊಳ್ಳೋದು, ಮುಗಿದ ಮೇಲೆ ವಾಪಸ್ ತರೋದು, ನಮ್ಮ ಮನೆಗೂ ಬಂದೂಕಕ್ಕೂ ಇದ್ದ ಸಂಬಂಧ ಅಷ್ಟೇ. ಒಂದು ವರ್ಷ ನಮ್ಮ ಬೀದೀಲಿ ಎರಡು ಮನೆ ಬೀಗ ಒಡೆದ್ರು. ನಾನು ಕೆಲಸದ ಮೇಲೆ ಆಗಾಗ ಊರಾಚೆ ಇರೋನು. ನಮ್ಮನೆಯವರಿಗೆ ಒಂದು ಸಣ್ಣ ರಿವಾಲ್ವರ್ ಇದ್ರೆ ಒಳ್ಳೇದು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಅವರನ್ನ ಒಂದು ಮಾತು ಕೇಳಲಿಲ್ಲ.

ಬೆಂಗಳೂರಿನ ಒಂದು ಅಂಗಡಿಗೆ ಇಬ್ಬರೂ ಹೋದ್ವಿ. ನಾನು ಕೇಳಿದ್ದು ‘ನಿರ್ಭೀಕ್’. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ ಬಂದ .32 ಬೋರ್ ರಿವಾಲ್ವರ್ ಅದು. ತೂಕ ಸುಮಾರು 500 ಗ್ರಾಂ. ಹೆಂಗಸರಿಗೆ ಅಂತಲೇ ಪ್ರಚಾರ ಮಾಡಿದ್ರು, ಹ್ಯಾಂಡ್‌ಬ್ಯಾಗಲ್ಲಿ ಹಿಡಿಸುತ್ತೆ ಅಂತ. ಅಂಗಡಿಯವರು ಗುಂಡಿಲ್ಲದ್ದನ್ನ ಖಾತ್ರಿ ಮಾಡಿ ಇವರ ಕೈಗೆ ಕೊಟ್ರು. ಇವರು ಟ್ರಿಗರ್ ಎಳೆಯೋಕೆ ನೋಡಿದ್ರು. ಒಂದು ಬೆರಳಲ್ಲಿ ಆಗಲಿಲ್ಲ. ಎರಡು ಬೆರಳು ಹಾಕಿ ಎಳೆದಾಗ ನಳಿಗೆ ತುದಿ ಎಲ್ಲೆಲ್ಲೋ ಓಲಾಡ್ತು. ಇವರು ಅದನ್ನ ಮೆಲ್ಲಗೆ ಮೇಜಿನ ಮೇಲಿಟ್ಟು, “ರೀ, ಇದು ಬೇಕಾಗಿರೋದು ನನಗೋ, ನಿಮಗೋ?” ಅಂದ್ರು.

ನನಗೆ ಉತ್ತರ ಇರಲಿಲ್ಲ.

ಈಗ ವಿಷಯಕ್ಕೆ ಬರೋಣ. ಹಗುರವಾದ ಗನ್ ಯಾಕೆ ಕಷ್ಟ? ಗುಂಡು ಮುಂದಕ್ಕೆ ಹೋದಾಗ ಗನ್ ಹಿಂದಕ್ಕೆ ಒದೆಯುತ್ತೆ. ಗನ್ ಭಾರ ಇದ್ರೆ ಆ ಒದೆತದಲ್ಲಿ ಒಂದು ಪಾಲನ್ನ ಅದೇ ನುಂಗುತ್ತೆ. ಹಗುರ ಇದ್ರೆ ಪೂರ್ತಿ ನಿಮ್ಮ ಅಂಗೈಗೆ. ಜೊತೆಗೆ ಸಣ್ಣ ಗನ್‌ಗೆ ನಳಿಗೆ ಗಿಡ್ಡ, ಗುರಿ ನೋಡೋ ಎರಡು ಮೊನೆಗಳ ನಡುವಿನ ಅಂತರ ಕಮ್ಮಿ. ಕೈ ಕೂದಲೆಳೆಯಷ್ಟು ಅಲುಗಿದ್ರೂ ಗುಂಡು ಗೇಣುದ್ದ ಆಚೆ ಹೋಗುತ್ತೆ. ಕಿಸೆಯಲ್ಲಿ ಇಟ್ಕೊಳ್ಳೋಕೆ ಅನುಕೂಲವಾದ್ದು ಹೊಡೆಯೋಕೆ ಅನುಕೂಲ ಅಲ್ಲ.

ಎರಡನೇದು ಟ್ರಿಗರ್. ರಿವಾಲ್ವರಲ್ಲಿ ಹ್ಯಾಮರ್ ಎತ್ತದೆ ನೇರವಾಗಿ ಟ್ರಿಗರ್ ಎಳೆದ್ರೆ ಸಾಮಾನ್ಯವಾಗಿ ನಾಲ್ಕೈದು ಕಿಲೋ, ಕೆಲವದಕ್ಕೆ ಇನ್ನೂ ಹೆಚ್ಚು ಬಲ ಬೇಕು. ಹೆಬ್ಬೆರಳಲ್ಲಿ ಹ್ಯಾಮರ್ ಎತ್ತಿಕೊಂಡ್ರೆ ಹಗುರವಾಗುತ್ತೆ, ಆದ್ರೆ ಹೆಬ್ಬೆರಳಿಗೆ ಆ ಶಕ್ತಿ ಇರ್ಬೇಕು. ಮ್ಯಾಗಜಿನ್ ಹಾಕೋ ಪಿಸ್ತೂಲ್‌ಗಳಲ್ಲಿ ಮೇಲಿನ ಸ್ಲೈಡನ್ನ ಹಿಂದಕ್ಕೆ ಎಳೆಯೋದೇ ಕೆಲವರಿಗೆ ಕಷ್ಟ. ನಮ್ಮನೆಯವರು ಹದಿನೈದು ವರ್ಷ ಮಗ್ಗದ ಮುಂದೆ ನಿಂತೋರು. ಹೆಬ್ಬೆರಳ ಬುಡದಲ್ಲಿ ಯಾವಾಗಲೂ ನೋವು. ಇದು ನನಗೆ ಗೊತ್ತಿತ್ತು. ಅಂಗಡಿಗೆ ಹೋದಾಗ ನೆನಪಾಗಲಿಲ್ಲ, ಅಷ್ಟೇ.

ಮೂರನೇದು ಕಾನೂನು. ಇಲ್ಲಿ ನಾನು ಇನ್ನೂ ದೊಡ್ಡ ತಪ್ಪು ಮಾಡೋನಿದ್ದೆ. ನನ್ನ ಲೈಸೆನ್ಸಲ್ಲೇ ರಿವಾಲ್ವರನ್ನೂ ಸೇರಿಸಿ ಮನೇಲಿಟ್ರೆ ಇವರು ಬಳಸಬಹುದು ಅಂದ್ಕೊಂಡಿದ್ದೆ. ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ವ್ಯಕ್ತಿಗೆ, ಮನೆಗಲ್ಲ. ಗಂಡನ ರಿವಾಲ್ವರನ್ನ ಹೆಂಡತಿ ತನ್ನದು ಅಂತ ಇಟ್ಕೊಂಡ್ರೆ ಅದು ಜೈಲು ಶಿಕ್ಷೆ ಇರೋ ಅಪರಾಧ. ಅವರಿಗೆ ಬೇಕಿದ್ರೆ ಅವರೇ ಅರ್ಜಿ ಹಾಕ್ಬೇಕು. ನಮ್ಮ ಜಿಲ್ಲೆಯವರು ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ಹೋಗ್ಬೇಕು. ಪೊಲೀಸ್ ವಿಚಾರಣೆ ಆಗುತ್ತೆ, ತರಬೇತಿ ಪ್ರಮಾಣಪತ್ರ ಕೇಳ್ತಾರೆ. 2019ರ ತಿದ್ದುಪಡಿ ಆದ ಮೇಲೆ ಸಾಮಾನ್ಯರು ಎರಡಕ್ಕಿಂತ ಹೆಚ್ಚು ಗನ್ ಇಟ್ಕೊಳ್ಳೋ ಹಾಗಿಲ್ಲ. ರಕ್ಷಣೆ ಮಾಡ್ತೀನಿ ಅಂತ ಹೊರಟು ಅವರ ಮೇಲೇ ಕೇಸ್ ಬೀಳಿಸ್ತಿದ್ದೆ.

ಹಾಗಾದ್ರೆ ಎಲ್ಲಿಂದ ಶುರು ಮಾಡೋದು? ಏರ್ ಪಿಸ್ತೂಲಿಂದ. .177 ಅಂದ್ರೆ 4.5 ಮಿ.ಮೀ. ಬೋರ್, ಶಕ್ತಿ 20 ಜೂಲ್ ಒಳಗಿದ್ರೆ ಲೈಸೆನ್ಸ್ ಬೇಕಾಗಿಲ್ಲ. ಯಲಹಂಕ ಕಡೆಯ ಒಂದು ರೇಂಜಲ್ಲಿ ಕೋಚ್ ಹುಡುಗಿ ಮೊದಲು ಗನ್ನೇ ಕೊಡಲಿಲ್ಲ. “ಅಕ್ಕಾ, ಎರಡೂ ಕೈ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ. ಅದರಲ್ಲಿ ಆ ಗಡಿಯಾರ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ” ಅಂದ್ಲು. ಎಡಗಣ್ಣು ಮುಚ್ಚಿದಾಗ ಗಡಿಯಾರ ಮಾಯ! ಕೈ ಬಲ, ಕಣ್ಣು ಎಡ. ಮದುವೆಯಾಗಿ ಇಷ್ಟು ವರ್ಷ, ಇದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಎಡಗಣ್ಣಿನ ಮುಂದೆ ಒಂದು ಸಣ್ಣ ಮರೆಪಟ್ಟಿ ಹಾಕಿಸಿ, ಬಲಗಣ್ಣಲ್ಲೇ ಅಭ್ಯಾಸ ಶುರು ಮಾಡಿಸಿದ್ಲು.

ಆಮೇಲೆ ಪಿಸ್ತೂಲ್. ತೂಕ ಸುಮಾರು ಒಂದು ಕಿಲೋ, ಅಂದ್ರೆ ನಿರ್ಭೀಕ್‌ನ ಎರಡರಷ್ಟು. ಆದ್ರೂ ಒದೆತ ಇಲ್ಲವೇ ಇಲ್ಲ ಅನ್ನಬಹುದು. ಸ್ಪರ್ಧೆಯ ನಿಯಮದಲ್ಲಿ ಟ್ರಿಗರ್‌ಗೆ ಕನಿಷ್ಠ 500 ಗ್ರಾಂ ಎಳೆತ ಇದ್ರೆ ಸಾಕು. ಕಡಿದ ರೇಷ್ಮೆ ಎಳೆ ಹುಡುಕಿ ಗಂಟು ಹಾಕಿದ ಬೆರಳಿಗೆ ಈ ಟ್ರಿಗರ್ ಹೇಳಿ ಮಾಡಿಸಿದ ಹಾಗಿತ್ತು. 10 ಮೀಟರ್ ದೂರದ ಕಾಗದ, ನಡುವಿನ ಹತ್ತರ ವೃತ್ತ ಬರೀ 11.5 ಮಿ.ಮೀ. ಮೊದಲ ದಿನ ಎಲ್ಲಾ ಗುಂಡೂ ಕಾಗದಕ್ಕಂತೂ ಬಿತ್ತು. ನನ್ನವು ಬೀಳಲಿಲ್ಲ.

ನೀವೂ ಆರಿಸೋದಾದ್ರೆ ನಾಲ್ಕು ವಿಷಯ ನೋಡಿ. ಒಂದು, ಹಿಡಿ ಅವರ ಅಂಗೈಗೆ ಕೂರಬೇಕು. ಸ್ಪರ್ಧೆಯ ಪಿಸ್ತೂಲ್‌ಗಳ ಮರದ ಹಿಡಿ ಸಣ್ಣದು, ಮಧ್ಯಮ, ದೊಡ್ಡದು ಅಂತ ಅಳತೆಯಲ್ಲಿ ಬರುತ್ತೆ. ಎಡಗೈಯವರಿಗೆ ಬೇರೆ. ಎರಡು, ತೋರುಬೆರಳಿನ ಮೊದಲ ಗೆಣ್ಣಿನ ಭಾಗ ಸಲೀಸಾಗಿ ಟ್ರಿಗರ್ ಮೇಲೆ ಕೂರಬೇಕು. ಮೂರು, ಗುಂಡು ತುಂಬೋ ಕೆಲಸ ಅವರೇ ಒಬ್ಬರೇ ಮಾಡೋ ಹಾಗಿರ್ಬೇಕು. ನಳಿಗೆ ಮಡಚಿ ತುಂಬೋ ಸ್ಪ್ರಿಂಗ್ ಪಿಸ್ತೂಲ್ ಅಗ್ಗ, ಆದ್ರೆ ಮಡಚೋಕೆ ಬಲ ಬೇಕು, ಹೊಡೆದಾಗ ಜರ್ಕ್ ಹೊಡೆಯುತ್ತೆ. ಒತ್ತಿದ ಗಾಳಿಯ ಸಿಲಿಂಡರ್ ಇರೋದು ಸಲೀಸು, ಆದ್ರೆ ಒಳ್ಳೇದಕ್ಕೆ ಲಕ್ಷ ದಾಟುತ್ತೆ. ಅದಕ್ಕೇ ಮೊದಲ ಕೆಲವು ತಿಂಗಳು ಕ್ಲಬ್ಬಿನದ್ದೇ ಬಳಸಿ. ನಾಲ್ಕು, ಹೊಡೆಯೋ ಮೊದಲೇ ಕಣ್ಣು ಮುಚ್ಚಿ ಬೆಚ್ಚೋ ಅಭ್ಯಾಸ ಬಂದ್ರೆ ಕೆಳಗಿನ ಮೆಟ್ಟಿಲಿಗೆ ಇಳಿಯಿರಿ. ಆ ಅಭ್ಯಾಸ ಒಂದೇ ದಿನದಲ್ಲಿ ಅಂಟುತ್ತೆ, ಬಿಡೋಕೆ ತಿಂಗಳುಗಟ್ಟಲೆ ಬೇಕು. ಏರ್ ಪಿಸ್ತೂಲ್ ಕೈಗೆ ಹತ್ತಿದ ಮೇಲೆ .22 ಪಿಸ್ತೂಲ್, ಅದೂ ಕ್ಲಬ್ಬಲ್ಲಿ, ಕೋಚ್ ಎದುರು.

ಏರ್ ಪಿಸ್ತೂಲ್ ಅಂದ್ರೆ ಮಕ್ಕಳಾಟ ಅನ್ಕೋಬೇಡಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದಿದ್ದು ಇದರಲ್ಲೇ. ಕರ್ನಾಟಕದ ದಿವ್ಯಾ ಟಿ.ಎಸ್. ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ಎರಡು ಬೆಳ್ಳಿ ತಂದಿದ್ದೂ ಇದರಲ್ಲೇ. ಹಾಗೇ ಆಟಿಕೆನೂ ಅಲ್ಲ. ನಳಿಗೆ ಯಾವಾಗಲೂ ಗುರಿ ಕಡೆಗೇ ಇರಲಿ, ಹೊಡೆಯೋವರೆಗೂ ಬೆರಳು ಟ್ರಿಗರ್ ಹೊರಗೇ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಗುಂಡು ಸೀಸದ್ದು, ಕೈ ತೊಳೆಯದೆ ಊಟ ಮಾಡಬೇಡಿ.

ಇನ್ನು ಕಳ್ಳರ ವಿಷಯ. ರಿವಾಲ್ವರ್ ತಗೊಳ್ಳಲಿಲ್ಲ. ಗೇಟಿಗೆ ಒಳ್ಳೇ ಬೀಗ, ಅಂಗಳಕ್ಕೆ ಒಂದು ದೀಪ ಹಾಕಿಸಿದ್ವಿ. ಇವರು ಮೊದಲೇ ಕೇಳಿದ್ದೂ ಅದನ್ನೇ, ನನ್ನ ಕಿವಿಗೆ ಬಿದ್ದಿರಲಿಲ್ಲ. ಈಗ ಪ್ರತಿ ಭಾನುವಾರ ಇವರು ರೇಂಜಲ್ಲಿ ನಿಲ್ತಾರೆ, ನಾನು ಹಿಂದೆ ಕುರ್ಚೀಲಿ ಕೂತು ಅಂಕ ಬರ್ಕೊಳ್ತೀನಿ. ಹಿಡಿ ಯಾವ ಅಳತೆ, ಟ್ರಿಗರ್ ಎಷ್ಟು ಗ್ರಾಂ, ಎಲ್ಲ ಅವರದ್ದೇ ತೀರ್ಮಾನ.

ಹಾಗಾಗಿ ಪ್ರಶ್ನೆ ಕೇಳಿದ ಅಣ್ಣನಿಗೆ ನನ್ನ ಉತ್ತರ ಇಷ್ಟೇ: ಯಾವ ಪಿಸ್ತೂಲ್ ಅಂತ ನನ್ನನ್ನ ಕೇಳ್ಬೇಡಿ, ಮೊದಲು ಅತ್ತಿಗೆಯವರನ್ನ ಕೇಳಿ.