ಸ್ಪಂಜಿನ ಒಡಲ ರಚನೆ

ಸ್ನಾನಕ್ಕೆಂದು ಪೇಟೆಯಿಂದ ತರುವ ಸ್ಪಂಜು ಈಗ ಬಹುಪಾಲು ಕಾರ್ಖಾನೆಯ ಪದಾರ್ಥ. ನಿಜವಾದ ಸ್ಪಂಜು ಸಮುದ್ರದ ಒಂದು ಪ್ರಾಣಿಯ ಹಂದರ. ಬಂಡೆಗೆ ಅಂಟಿಕೊಂಡು ಕದಲದೆ ಬೆಳೆಯುವುದರಿಂದ ಇದನ್ನು ಬಹುಕಾಲ ಸಸ್ಯವೆಂದೇ ಎಣಿಸಲಾಗಿತ್ತು. 1825ರ ಸುಮಾರಿಗೆ ಸ್ಕಾಟ್ಲೆಂಡಿನ ರಾಬರ್ಟ್ ಗ್ರಾಂಟ್ ಎಂಬ ವಿಜ್ಞಾನಿ ಜೀವಂತ ಸ್ಪಂಜಿನಿಂದ ನೀರು ಎಡೆಬಿಡದೆ ಹೊರಬರುವುದನ್ನು ಕಂಡು ವಿವರಿಸಿದನು.

ಸ್ಪಂಜಿಗೆ ಹೊಟ್ಟೆಯಿಲ್ಲ, ಹೃದಯವಿಲ್ಲ, ನರಗಳೂ ಇಲ್ಲ. ಇರುವುದೆಲ್ಲ ತೂತು ಮತ್ತು ಕಾಲುವೆ. ಹೊರಮೈ ಚಪ್ಪಟೆ ಜೀವಕೋಶಗಳ ತೆಳು ಪದರ. ಅದರ ಸಣ್ಣ ರಂಧ್ರಗಳಿಂದ ಒಳಹೊಕ್ಕ ನೀರು ಕವಲುಗಾಲುವೆಗಳಲ್ಲಿ ಹರಿದು ಪುಟ್ಟ ಕೋಣೆಗಳನ್ನು ಸೇರುತ್ತದೆ. ಕೋಣೆಯ ಒಳಗೋಡೆಯ ಪ್ರತಿಯೊಂದು ಕೋಶಕ್ಕೂ ಒಂದು ಚಾಟಿ, ಅದರ ಬುಡದ ಸುತ್ತ ಒಂದು ಕೊರಳುಪಟ್ಟಿ. ಚಾಟಿಯ ಬಡಿತವೇ ಪಂಪು, ಕೊರಳುಪಟ್ಟಿಯೇ ಜರಡಿ. ನೀರಿನಲ್ಲಿರುವ ಬ್ಯಾಕ್ಟೀರಿಯಾದಂಥ ಸೂಕ್ಷ್ಮ ಆಹಾರ ಇಲ್ಲಿ ಸಿಕ್ಕಿಬೀಳುತ್ತದೆ. ನೀರು ದೊಡ್ಡ ರಂಧ್ರದಿಂದ ಹೊರಬೀಳುತ್ತದೆ. ಕೈಬೆರಳಿನಷ್ಟು ದಪ್ಪ, 10 ಸೆಂ.ಮೀ. ಎತ್ತರದ ಒಂದು ಜಾತಿಯ ಸ್ಪಂಜಿನಲ್ಲಿ ಇಂಥ ಕೋಣೆಗಳು 20 ಲಕ್ಷಕ್ಕೂ ಹೆಚ್ಚು. ಅದು ದಿನಕ್ಕೆ ಸುಮಾರು 22 ಲೀಟರ್ ನೀರನ್ನು ಹಾಯಿಸುತ್ತದೆ.

ಎರಡು ಪದರಗಳ ನಡುವೆ ಲೋಳೆಯಂಥ ವಸ್ತುವಿದೆ. ಅದರಲ್ಲಿ ಅಲೆದಾಡುವ ಕೋಶಗಳು ಆಹಾರ ಹಂಚುತ್ತವೆ. ಬೇಕಾದಾಗ ಬೇರೆ ಬಗೆಯ ಕೋಶಗಳಾಗಿಯೂ ಮಾರ್ಪಡುತ್ತವೆ. ನಮ್ಮ ಸ್ನಾಯು, ಚರ್ಮಗಳಂತೆ ಬಿಗಿಯಾಗಿ ಕಟ್ಟಿದ ಅಂಗಾಂಶ ಸ್ಪಂಜಿಗಿಲ್ಲವೆನ್ನುವುದು ಇದಕ್ಕಾಗಿಯೇ. 1907ರಲ್ಲಿ ಅಮೆರಿಕದ ಎಚ್. ವಿ. ವಿಲ್ಸನ್ ಸ್ಪಂಜನ್ನು ರೇಷ್ಮೆಬಟ್ಟೆಯಲ್ಲಿ ಹಿಂಡಿ ಕೋಶಗಳನ್ನು ಬಿಡಿಬಿಡಿ ಮಾಡಿದಾಗ, ಅವು ಮತ್ತೆ ಒಂದುಗೂಡಿ ಸ್ಪಂಜಾದವು!

ಮೈಗೆ ಆಧಾರ ಸುಣ್ಣದ ಅಥವಾ ಸಿಲಿಕದ ಸೂಜಿಗಳು. ಭತ್ತದ ಗರಿಯನ್ನು ಒರಟಾಗಿಸುವುದೂ ಸಿಲಿಕವೇ. ಸ್ನಾನದ ಸ್ಪಂಜಿನಲ್ಲಿ ಸೂಜಿಯಿಲ್ಲ, ಸ್ಪಂಜಿನ್ ಎಂಬ ಸಸಾರಜನಕದ ಎಳೆಗಳಷ್ಟೇ. ಮೆದುವಾಗಿರಲು ಅದೇ ಕಾರಣ.

ಸಿಂಪಿ ಸಾಕುವವರು ಎಚ್ಚರದಿಂದಿರಬೇಕಾದುದು ಕೊರೆಯುವ ಸ್ಪಂಜಿನ ಬಗ್ಗೆ. ಮನ್ನಾರ್ ಕೊಲ್ಲಿಯ ಮುತ್ತಿನ ಸಿಂಪಿಗಳಿಗೂ ಇದರ ಕಾಟವುಂಟು. ಇದರ ಕೋಶಗಳು ಚಿಪ್ಪಿನ ಸುಣ್ಣವನ್ನು ಕರಗಿಸಿ ಚೂರುಗಳಾಗಿ ಕಳಚುತ್ತವೆ. ಸಿಂಪಿಯ ಮಾಂಸವನ್ನು ಇದು ತಿನ್ನುವುದಿಲ್ಲ, ವಾಸಕ್ಕೆ ಬಿಲ ತೋಡುತ್ತದೆ ಅಷ್ಟೆ. ಆದರೆ ತೂತು ಮುಚ್ಚಲು ಒಳಗಿನಿಂದ ಮುತ್ತುಪದರ ಬಳಿದು ಬಳಿದು ಸಿಂಪಿ ಸೊರಗುತ್ತದೆ. ಚಿಪ್ಪು ಪುಡಿಯಾಗುವಷ್ಟು ಸಡಿಲವಾಗುತ್ತದೆ. ಚಿಪ್ಪಿನ ಮೇಲೆ ದುಂಡನೆಯ ಸಣ್ಣ ತೂತುಗಳು ಕಂಡರೆ ಅಂಥ ಸಿಂಪಿಗಳನ್ನು ಬೇರ್ಪಡಿಸಿ, ಗಾಢ ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು ರೂಢಿಯಲ್ಲಿರುವ ಉಪಾಯ. ಸತ್ತ ಚಿಪ್ಪುಗಳನ್ನು ಅದೇ ನೀರಿಗೆ ಎಸೆಯದೆ ದಡಕ್ಕೆ ತಂದು ಬಿಸಿಲಿನಲ್ಲಿ ಒಣಗಿಸಬೇಕು.