ಪ್ರಥಮ ಕೃತಿಯೂ ಪ್ರಕಾಶಕರ ಕರಾರುಪತ್ರವೂ

ಚಿಂಚೋಳಿ ತಾಲ್ಲೂಕಿನ ಗಡಿಯಂಚಿನಲ್ಲಿರುವ ಕುಂಚಾವರಂ ಅರಣ್ಯಪ್ರದೇಶದ ಮೌಖಿಕ ಇತಿಹಾಸವನ್ನು ನಾವು ಕೆಲವು ವರ್ಷಗಳಿಂದ ಸಂಗ್ರಹಿಸುತ್ತ ಬಂದಿದ್ದೇವೆ. ಹೈದರಾಬಾದು ಸಂಸ್ಥಾನದ ಕೊನೆಯ ದಿನಗಳನ್ನೂ 1948ರ ಪೊಲೀಸ್ ಕಾರ್ಯಾಚರಣೆಯನ್ನೂ ಬಾಲ್ಯದಲ್ಲಿ ಕಂಡ ಹಿರಿಯರು ಈಗ ಬೆರಳೆಣಿಕೆಯಷ್ಟು ಮಂದಿ. ಅವರ ಕಣ್ಣೆದುರಿಗೇ ಗ್ರಂಥವು ಹೊರಬರಬೇಕೆಂಬ ಆತುರ ನಮ್ಮಲ್ಲಿದ್ದುದರಿಂದ, ಸಣ್ಣ ಪ್ರಕಾಶನವೊಂದು ತಾನಾಗಿ ಮುಂದೆ ಬಂದಾಗ ಸಂತೋಷಪಟ್ಟೆವು. ಕರಾರುಪತ್ರವನ್ನು ಓದಿದ ತರುವಾಯ ಆ ಸಂತೋಷ ಅಷ್ಟಾಗಿ ಉಳಿಯಲಿಲ್ಲ. ಪ್ರಕಾಶನದ ಹೆಸರು ಇಲ್ಲಿ ಅನಗತ್ಯ.

ಐನೂರು ಪ್ರತಿಗಳ ಮುದ್ರಣ, ಬೆಲೆ 300 ರೂಪಾಯಿ. ಅವುಗಳಲ್ಲಿ 200 ಪ್ರತಿಗಳನ್ನು ನೂರಕ್ಕೆ ಮೂವತ್ತರ ರಿಯಾಯಿತಿಯಲ್ಲಿ ಲೇಖಕರೇ ಕೊಳ್ಳತಕ್ಕದ್ದು. ಎಂದರೆ ನಾವು ಮೊದಲೇ ತೆರಬೇಕಾದುದು 42,000 ರೂಪಾಯಿ. ಉಳಿದ 300 ಪ್ರತಿಗಳೂ ಮಾರಾಟವಾದರೆ ನೂರಕ್ಕೆ ಹತ್ತರಂತೆ ನಮಗೆ ಸಲ್ಲುವ ಗೌರವಧನ 9,000. ಇಂಥಲ್ಲಿ ಬಂಡವಾಳ ಹೂಡುವವನು ಬಹುಮಟ್ಟಿಗೆ ಗ್ರಂಥಕರ್ತನೇ ಹೊರತು ಪ್ರಕಾಶಕನಲ್ಲ. ಗ್ರಂಥಕರ್ತನು ತನ್ನ ಪುಸ್ತಕವನ್ನು ತಾನೇ ಮಾರುವುದು ಕನ್ನಡಕ್ಕೆ ಹೊಸತೇನೂ ಅಲ್ಲ. ಗಳಗನಾಥರು ಪುಸ್ತಕಗಳನ್ನು ಹೊತ್ತು ಊರೂರು ತಿರುಗಿದರು. ಆದರೆ ಹೊರೆಯೂ ಅವರದು, ಹಕ್ಕೂ ಅವರದು.

ಹಕ್ಕಿನ ವಿಷಯವೇ ಇಲ್ಲಿ ಮುಖ್ಯವಾದುದು. 1957ರ ಕೃತಿಸ್ವಾಮ್ಯ ಅಧಿನಿಯಮದ 19ನೆಯ ಪ್ರಕರಣದಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿಯಾಗಿರಬೇಕು. ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ ಎಂಬುದನ್ನು ಅದು ತಿಳಿಸಬೇಕು. ಕಾಲವನ್ನು ಹೇಳದಿದ್ದರೆ ಐದು ವರ್ಷವೆಂದೂ ಪ್ರದೇಶವನ್ನು ಹೇಳದಿದ್ದರೆ ಭಾರತದೊಳಗೆಂದೂ ಭಾವಿಸತಕ್ಕದ್ದು. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಚಲಾಯಿಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಆ ವರ್ಗಾವಣೆ ರದ್ದಾಗುತ್ತದೆ. ಹೀಗೆ ಕಾನೂನು ಮೌನವಿದ್ದೆಡೆ ಲೇಖಕನ ಕೈಹಿಡಿಯುತ್ತದೆ. ನಮ್ಮ ಕರಾರುಪತ್ರ ಮೌನವಾಗಿರಲಿಲ್ಲ: "ಸಕಲ ಭಾಷೆಗಳಲ್ಲಿ, ಶಾಶ್ವತವಾಗಿ" ಎಂದಿತ್ತು. ಕೃತಿಸ್ವಾಮ್ಯವು ಲೇಖಕನ ಮರಣಾನಂತರವೂ 60 ವರ್ಷ ಉಳಿಯುವಂಥದು. ಆ ಒಂದು ಪದಕ್ಕೆ ಅಷ್ಟು ದೀರ್ಘವಾದ ಕೈಯಿದೆ.

"ಸಕಲ ಭಾಷೆ" ಎಂಬುದು ಬೇರೆಡೆ ಅಲಂಕಾರದ ಮಾತಾದೀತು. ಕುಂಚಾವರಂ ಕುರಿತ ಗ್ರಂಥಕ್ಕೆ ಹಾಗಲ್ಲ. ಅಲ್ಲಿಯ ಮನೆಮಾತುಗಳಲ್ಲಿ ತೆಲುಗು ಪ್ರಬಲವಾದುದು, ತಾಂಡಾಗಳಲ್ಲಿ ಲಂಬಾಣಿಯಿದೆ. ಜಹೀರಾಬಾದು, ತಾಂಡೂರುಗಳ ಓದುಗರು ನಮಗೆ ಬೆಂಗಳೂರಿನವರಿಗಿಂತ ಹತ್ತಿರದವರು. ನಮಗೆ ತೆಲುಗಿನಲ್ಲಿ ಕಥೆ ಹೇಳಿದ ಮುದುಕಿಗೆ ಅವಳ ಮಾತನ್ನೇ ಅವಳ ಭಾಷೆಯಲ್ಲಿ ಅಚ್ಚುಮಾಡಿಕೊಡಲು ಮೂರನೆಯವರ ಅಪ್ಪಣೆ ಬೇಡಬೇಕಾದರೆ ಅದು ನಾಚಿಕೆಯ ಸಂಗತಿ. (ನೆರೆಯ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಹುಟ್ಟಿದ ಕವಿರಾಜಮಾರ್ಗದ ಕರ್ತೃ ರಾಜನೋ ಶ್ರೀವಿಜಯನೋ ಎಂದು ವಿದ್ವಾಂಸರು ಬಹುಕಾಲ ಚರ್ಚಿಸಿದರು. ಒಡೆತನದ ತೊಡಕು ಈ ಸೀಮೆಗೆ ಹಳೆಯದು!)

ಉಳಿದವು ಸಣ್ಣ ಪರೀಕ್ಷೆಗಳು. ಐಎಸ್‌ಬಿಎನ್ ಸಂಖ್ಯೆಗೆಂದು ಪ್ರಕಾಶಕರು ಹಣ ಕೇಳಿದರೆ, ಅದು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯಿಂದ ಉಚಿತವಾಗಿ ದೊರೆಯುವುದೆಂಬುದನ್ನು ನೆನಪಿಸಬಹುದು. ಅವರ ಹಿಂದಿನ ಪ್ರಕಟಣೆಗಳು ಅಂಗಡಿಯಲ್ಲಿಯೂ ಗ್ರಂಥಾಲಯದಲ್ಲಿಯೂ ದೊರೆಯುವುವೇ ಎಂದು ನೋಡುವುದು, ಅವರ ಒಬ್ಬಿಬ್ಬರು ಲೇಖಕರನ್ನು ವಿಚಾರಿಸುವುದು ಲೇಸು. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಸಹಾಯಧನ ನೀಡುವ ಯೋಜನೆಯನ್ನು ನಡೆಸಿಕೊಂಡು ಬಂದಿದೆ. ವಯಸ್ಸು ಮೀರಿದ ನಮ್ಮಂಥವರಿಗೆ ಅದು ದಕ್ಕಲಾರದು, ವಿದ್ಯಾರ್ಥಿಗಳು ಗಮನಿಸಬೇಕು.

ನಾವು ಕರಾರುಪತ್ರವನ್ನು ಮೂರು ತಿದ್ದುಪಡಿಗಳೊಡನೆ ಹಿಂದಿರುಗಿಸಿದೆವು: ಅವಧಿ ಐದು ವರ್ಷ, ಲೇಖಕರ ಖರೀದಿ ಐವತ್ತು ಪ್ರತಿ, ಅನುವಾದದ ಹಕ್ಕು ನಮ್ಮದು. ಮೊದಲೆರಡಕ್ಕೆ ಒಪ್ಪಿಗೆ ಬಂದಿದೆ. ಮೂರನೆಯದಕ್ಕೆ ಉತ್ತರವನ್ನು ಎದುರುನೋಡುತ್ತಿದ್ದೇವೆ. ಬರುವವರೆಗೆ ಹಸ್ತಪ್ರತಿ ನಮ್ಮ ಮೇಜಿನ ಮೇಲೆಯೇ ಇರುತ್ತದೆ.