ಶ್ರೀಶೈಲ ಪಾದಯಾತ್ರೆ: ನೀರು, ಉಪ್ಪು ಮತ್ತು ಬಿಸಿಲು

ಯುಗಾದಿ ಸಮೀಪಿಸುತ್ತಿದ್ದಂತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಭಕ್ತರು ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ಹೊರಡುತ್ತಾರೆ. ನಾಗನೂರ ಕಡೆಯಿಂದ ಇದು 400 ಕಿ.ಮೀ.ಗೂ ಮಿಕ್ಕ ನಡಿಗೆ. ಕೊನೆಯ ಹಂತದಲ್ಲಿ ಆತ್ಮಕೂರು ಬಳಿಯ ವೆಂಕಟಾಪುರದಿಂದ ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು ಮಾರ್ಗವಾಗಿ ನಲ್ಲಮಲ ಕಾಡಿನ ಕಲ್ಲುದಾರಿ. ಮ್ಯಾರಥಾನ್ ಓಟದ ದೂರ 42.195 ಕಿ.ಮೀ. ಅದಕ್ಕೆ ಓಟಗಾರರು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ನಮ್ಮವರು ಅದರ ಹತ್ತು ಪಟ್ಟು ದೂರವನ್ನು ಅಭ್ಯಾಸವಿಲ್ಲದೆ, ಉರಿಬಿಸಿಲಿನಲ್ಲಿ ಕ್ರಮಿಸುತ್ತಾರೆ.

ಬಿಸಿಲಿನ ಆಘಾತ

ನಡೆಯುವಾಗ ಸ್ನಾಯುಗಳಲ್ಲಿ ಶಾಖ ಹುಟ್ಟುತ್ತದೆ. ಬೆವರು ಆರಿದಾಗ ದೇಹ ತಂಪಾಗುತ್ತದೆ. ಶಾಖ ಹೊರಹೋಗುವುದಕ್ಕಿಂತ ಬೇಗ ಹುಟ್ಟತೊಡಗಿದರೆ ಮೈಬಿಸಿ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಮೆದುಳು ತೊಂದರೆಗೊಳಗಾಗುತ್ತದೆ. ಜೊತೆಗಾರ ತಡವರಿಸಿ ಮಾತನಾಡಿದರೆ, ಅಸಂಬದ್ಧವಾಗಿ ವರ್ತಿಸಿದರೆ, ಕುಸಿದು ಬಿದ್ದರೆ ಮೊದಲು ನೆರಳಿಗೆ ತನ್ನಿ. ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿಯುತ್ತ ಗಾಳಿ ಬೀಸಿ. 108ಕ್ಕೆ ಕರೆ ಮಾಡಿ. ವಾಹನ ಬರುವವರೆಗೂ ತಂಪು ಮಾಡುವುದನ್ನು ನಿಲ್ಲಿಸಬೇಡಿ. ಜ್ವರದ ಮಾತ್ರೆಯಿಂದ ಈ ಬಿಸಿ ಇಳಿಯದು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ನೀರು ಹೆಚ್ಚಾದರೂ ಕಷ್ಟ

‘ಹೆಚ್ಚು ನೀರು ಕುಡಿದಷ್ಟೂ ಒಳ್ಳೆಯದು’ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಬೆವರಿನಲ್ಲಿ ನೀರಿನೊಡನೆ ಉಪ್ಪೂ ಹೋಗುತ್ತದೆ. ಬಾಯಾರಿಕೆ ಇಲ್ಲದಿದ್ದರೂ ಬರೀ ನೀರನ್ನೇ ಕುಡಿಯುತ್ತಿದ್ದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ಮೆದುಳು ಊದಿಕೊಳ್ಳುತ್ತದೆ. ಅಮೆರಿಕದ 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆಯಾಗಿತ್ತು. ಓಡುವಾಗ ತೂಕ ಹೆಚ್ಚಿಸಿಕೊಂಡವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಈ ತೊಂದರೆ ಅಧಿಕವಾಗಿತ್ತು. ತಲೆನೋವು, ವಾಂತಿ, ಬೆರಳು ಊದಿ ಉಂಗುರ ಬಿಗಿಯಾಗುವುದು, ಗೊಂದಲ ಇದರ ಲಕ್ಷಣಗಳು. ಇಂಥವರಿಗೆ ಮತ್ತೆ ನೀರು ಕುಡಿಸಿದರೆ ಅಪಾಯ ಹೆಚ್ಚುತ್ತದೆ. ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

ಬಾಯಾರಿದಾಗ ಕುಡಿಯಿರಿ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ರೊಟ್ಟಿ, ಶೇಂಗಾ ಚಟ್ನಿ ಜೊತೆಗಿರಲಿ. ವಾಂತಿಭೇದಿಯಾದರೆ ಓ.ಆರ್.ಎಸ್. ಕೊಡಿ. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕೊಡಬಹುದು.

ನೋವಿನ ಮಾತ್ರೆ ಬೇಡ

ಕಾಲುನೋವೆಂದು ಅಂಗಡಿಯ ಡೈಕ್ಲೋಫೆನಾಕ್‌ನಂಥ ಮಾತ್ರೆ ನುಂಗಿ ನಡೆಯುವವರು ಅನೇಕರು. ನೀರಿನಂಶ ಕುಗ್ಗಿದ ದೇಹದಲ್ಲಿ ಇವು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಇನ್ನಷ್ಟು ತಗ್ಗಿಸುತ್ತವೆ. ಅತಿಯಾಗಿ ದಣಿದ ಸ್ನಾಯುಗಳು ಒಡೆದು, ಅವುಗಳ ಅಂಶವೂ ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ಮೂತ್ರ ಕರಿಚಹಾದ ಬಣ್ಣಕ್ಕೆ ತಿರುಗಿದರೆ ನಡಿಗೆ ನಿಲ್ಲಿಸಿ, ವೈದ್ಯರನ್ನು ಕಾಣಿರಿ.

ಹೊರಡುವ ಮುನ್ನ

* ಎರಡು ತಿಂಗಳು ಮೊದಲೇ ನಡಿಗೆ ಆರಂಭಿಸಿ, ವಾರವಾರ ದೂರ ಹೆಚ್ಚಿಸಿ.
* ಬೆಳಗಿನ ಜಾವ ಮತ್ತು ಸಂಜೆ ನಡೆಯಿರಿ, ಮಧ್ಯಾಹ್ನ ನೆರಳಿನಲ್ಲಿರಿ.
* ಹಳೆಯ, ಕಾಲಿಗೆ ಒಗ್ಗಿದ ಪಾದರಕ್ಷೆ ಇರಲಿ. ಬೊಬ್ಬೆಯ ಚರ್ಮ ಕೀಳಬೇಡಿ.
* ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಬಾರದು. ರಾತ್ರಿ ಪಾದಗಳನ್ನು ಪರೀಕ್ಷಿಸಿಕೊಳ್ಳಬೇಕು. ದೀರ್ಘ ನಡಿಗೆಯಲ್ಲಿ ಸಕ್ಕರೆ ಅಂಶ ಥಟ್ಟನೆ ಇಳಿಯಬಹುದಾದ್ದರಿಂದ ಬೆಲ್ಲ ಜೇಬಿನಲ್ಲಿರಲಿ.
* ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು.

ನಡೆಯಲಾಗದವರನ್ನು ವಾಹನಕ್ಕೆ ಹತ್ತಿಸಲು ಸಂಕೋಚ ಬೇಡ. ತಂಡದ ಹಿರಿಯರು ಇದನ್ನು ಮೊದಲ ದಿನವೇ ಎಲ್ಲರಿಗೂ ತಿಳಿಸಿ ಹೇಳುವುದು ಒಳ್ಳೆಯದು.